ಬಂದ ಹೊತ್ತು ಬದಲಾಗಬಾರದು

ಚಿಕ್ಕ ಊರಿನ ಒಂದು ದವಾಖಾನೆಯನ್ನು ಊಹಿಸಿಕೊಳ್ಳಿ. ಬಾಗಿಲ ಬಳಿ ಮೇಜು, ಅದರ ಮೇಲೆ ಉದ್ದನೆಯ ರಿಜಿಸ್ಟರ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಬಂದವರು ಹೆಸರು, ಊರು, ಬಂದ ವೇಳೆ ಬರೆದು ಬೆಂಚಿನ ಮೇಲೆ ಕೂರುತ್ತಾರೆ. ಕಾಂಪೌಂಡರ್ ಪುಸ್ತಕ ನೋಡಿ ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತಾನೆ. ಒಂದು ದಿನ ಆ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬರುತ್ತದೆ. ಹೆಸರು ಟೈಪ್ ಮಾಡಿದರೆ ಸಾಕು, ಪಕ್ಕದ ಕಾಲಂನಲ್ಲಿ ವೇಳೆ ತಾನಾಗಿಯೇ ಮೂಡುತ್ತದೆ. ಎಲ್ಲರಿಗೂ ಸಂತೋಷ.

ಆದರೆ ಮಧ್ಯಾಹ್ನದ ಹೊತ್ತಿಗೆ ಜಗಳ. ಯಾರದೋ ಹೆಸರು ಹುಡುಕಲೆಂದು ಕಾಂಪೌಂಡರ್ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದ್ದಾನೆ. ಸರದಿ ತಿಳಿಯಲು ವೇಳೆಯ ಕಾಲಂ ನೋಡಿದರೆ ಎಲ್ಲರ ಮುಂದೆಯೂ ಹನ್ನೆರಡು ಗಂಟೆ ಹತ್ತು ನಿಮಿಷ! "ಒಂಬತ್ತಕ್ಕೇ ಬಂದು ಕೂತಿದ್ದೀನಪ್ಪ" ಎನ್ನುವ ಅಜ್ಜಿಯ ಮಾತಿಗೆ ಸಾಕ್ಷಿಯೇ ಇಲ್ಲ. ಕಂಪ್ಯೂಟರ್ ಕೆಟ್ಟಿದೆಯೇ? ಇಲ್ಲ. ಅದು ತನಗೆ ಹೇಳಿದ್ದನ್ನೇ ಮಾಡಿದೆ.

ಇದು ಅರ್ಥವಾಗಬೇಕಾದರೆ ಸ್ಪ್ರೆಡ್‌ಶೀಟ್ ಹುಟ್ಟಿದ ಕಥೆ ತಿಳಿಯಬೇಕು. 1978ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಓದುತ್ತಿದ್ದ. ಕಪ್ಪುಹಲಗೆಯ ಮೇಲೆ ಬರೆದ ಲೆಕ್ಕದ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದರೆ ಅದನ್ನು ಅವಲಂಬಿಸಿದ ಅಂಕಿಗಳನ್ನೆಲ್ಲ ಅಳಿಸಿ ಬರೆಯಬೇಕಿತ್ತು. ಒಂದನ್ನು ಬದಲಿಸಿದೊಡನೆ ಉಳಿದದ್ದೆಲ್ಲ ತಾನೇ ಬದಲಾಗುವ ಹಲಗೆ ಇದ್ದರೆ ಹೇಗೆ ಎಂದು ಆತ ಯೋಚಿಸಿದ. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಆತ ರೂಪಿಸಿದ 'ವಿಸಿಕ್ಯಾಲ್ಕ್' 1979ರಲ್ಲಿ ಆಪಲ್ ಕಂಪ್ಯೂಟರಿಗಾಗಿ ಹೊರಬಂತು. ಲೋಟಸ್, ಎಕ್ಸೆಲ್ ಮೊದಲಾದವು ಅದೇ ದಾರಿಯಲ್ಲಿ ಬಂದವು.

ಮತ್ತೆ ಮತ್ತೆ ಲೆಕ್ಕ ಹಾಕುವುದೇ ಸ್ಪ್ರೆಡ್‌ಶೀಟಿನ ಗುಣ. ರಿಜಿಸ್ಟರಿನ ಮಟ್ಟಿಗೆ ಅದೇ ದೋಷ. ಎಕ್ಸೆಲ್‌ನಲ್ಲಿ 'ನೌ' ಎಂಬ ಸೂತ್ರವಿದೆ. ಅದು ಬಂದ ವೇಳೆಯನ್ನು ಬರೆದಿಡುವುದಿಲ್ಲ, 'ಈಗೆಷ್ಟು ಗಂಟೆ?' ಎಂದು ಪ್ರತಿಸಲವೂ ಗಡಿಯಾರವನ್ನು ಕೇಳುತ್ತದೆ. ಹತ್ತನೆಯವರ ಹೆಸರು ಬರೆದಾಗ ಮೊದಲ ಒಂಬತ್ತು ಮಂದಿಯ ವೇಳೆಯೂ ಬದಲಾಗುತ್ತದೆ. ಹೊರಟ ವೇಳೆಗೂ ಅದೇ ಸೂತ್ರ ಹಾಕಿದರೆ ಇನ್ನೂ ತಮಾಷೆ. ಒಂದೂವರೆ ಗಂಟೆ ಕಾದವರೂ ಕಾದದ್ದು ಸೊನ್ನೆ ನಿಮಿಷ!

ಪರಿಹಾರ ಸುಲಭ. ಎಕ್ಸೆಲ್‌ನಲ್ಲಿ ಕಂಟ್ರೋಲ್ ಕೀ ಹಿಡಿದು ಸೆಮಿಕೋಲನ್ ಒತ್ತಿದರೆ ಅಂದಿನ ತಾರೀಖು, ಜೊತೆಗೆ ಶಿಫ್ಟ್ ಕೀಯನ್ನೂ ಹಿಡಿದರೆ ಆಗಿನ ವೇಳೆ ಬೀಳುತ್ತದೆ. ಇದು ಸೂತ್ರವಲ್ಲ, ಅಚ್ಚೊತ್ತಿದ ಅಂಕಿ, ತಾನಾಗಿ ಬದಲಾಗದು. ಎಲ್ಲವೂ ತಾನಾಗಿಯೇ ಆಗಬೇಕೆಂದರೆ 'ಮ್ಯಾಕ್ರೋ' ಎಂಬ ಪುಟ್ಟ ಆದೇಶಮಾಲೆ ಬರೆಯಬೇಕು. ಅದರ ತರ್ಕ ಇಷ್ಟೇ: ಹೆಸರು ಬಿದ್ದೊಡನೆ ಪಕ್ಕದ ಸೆಲ್ ನೋಡು, ಖಾಲಿಯಿದ್ದರೆ ಮಾತ್ರ ಈಗಿನ ವೇಳೆಯನ್ನು ಅಂಕಿಯಾಗಿ ಬರೆ, ತುಂಬಿದ್ದರೆ ಮುಟ್ಟಬೇಡ. ಈ ಕೊನೆಯ ಮಾತು ಬಹು ಮುಖ್ಯ. ಅದಿಲ್ಲದಿದ್ದರೆ ಹೆಸರಿನ ಕಾಗುಣಿತ ತಿದ್ದಿದಾಗಲೂ ವೇಳೆ ಬದಲಾದೀತು. ಸರದಿಯ ಸಂಖ್ಯೆಯನ್ನೂ ಹೀಗೆಯೇ ಬರೆದಿಟ್ಟರೆ ಪಟ್ಟಿಯನ್ನು ಹೇಗೆ ಜೋಡಿಸಿದರೂ ಚಿಂತೆಯಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಎಕ್ಸೆಲ್‌ಗೆ ತಾರೀಖು, ವೇಳೆ ಎರಡೂ ಬರಿಯ ಸಂಖ್ಯೆಗಳು. 1900ರ ಜನವರಿ 1 ಎಂದರೆ 1. 2000ದ ಜನವರಿ 1 ಎಂದರೆ 36526. ಇಡೀ ದಿನ 1 ಆದರೆ ಬೆಳಗಿನ ಆರು ಗಂಟೆ 0.25, ನಡುಹಗಲು 0.5. ಆದ್ದರಿಂದ 10-50ರಿಂದ 9-20ನ್ನು ಕಳೆದಾಗ 0.0625 ಎಂದು ಬಂದರೆ ಗಾಬರಿಯಾಗಬೇಕಿಲ್ಲ. ದಿನಕ್ಕೆ 1440 ನಿಮಿಷ. ಅದರಿಂದ ಗುಣಿಸಿದರೆ 90 ನಿಮಿಷ. ತಿಂಗಳ ಕೊನೆಗೆ ಈ ಕಾಲಂನ ಸರಾಸರಿ ತೆಗೆದರೆ ಜನ ಎಷ್ಟು ಹೊತ್ತು ಕಾಯುತ್ತಿದ್ದಾರೆಂದು ವೈದ್ಯರಿಗೂ ತಿಳಿಯುತ್ತದೆ. ಸರಾಸರಿಗೆ ಸೂತ್ರ ಹಾಕಬಹುದು, ಹಾಕಲೇಬೇಕು. ಏಕೆಂದರೆ ಅದು ಲೆಕ್ಕ. ಬಂದ ವೇಳೆ ಲೆಕ್ಕವಲ್ಲ, ದಾಖಲೆ.

ವಿದ್ಯಾರ್ಥಿಗಳು ತಮ್ಮ ಶಾಲೆಯ ವಾಚನಾಲಯಕ್ಕೆ ಇಂಥದೊಂದು ಹಾಳೆ ಮಾಡಿ ನೋಡಬಹುದು. ಮೊದಲು ಕಂಪ್ಯೂಟರಿನ ಗಡಿಯಾರ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಆಮೇಲೆ ಒಂದು ಕಾಲಂಗೆ 'ನೌ', ಇನ್ನೊಂದಕ್ಕೆ ಅಚ್ಚೊತ್ತಿದ ವೇಳೆ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೊಂದು ಹೆಸರು ಬರೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಳೆಯ ರಿಜಿಸ್ಟರಿನಲ್ಲಿ ಶಾಯಿಯಿಂದ ಬರೆದದ್ದು ಹಾಗೆಯೇ ಉಳಿಯುತ್ತಿತ್ತು. ಹೊಸ ಯಂತ್ರಕ್ಕೂ ಆ ಗುಣವನ್ನು ಕಲಿಸಿದರೆ ಅಜ್ಜಿಗೆ ಅವರ ಸರದಿ ತಪ್ಪುವುದಿಲ್ಲ.