ನಮ್ಮ ಹೆಸರಲ್ಲಿ ಬಂದ ಮೇಲ್ ನಮ್ಮದಲ್ಲ



ಹೋದ ವಾರ ಹಾಸ್ಟೆಲ್‌ನಿಂದ ಒಬ್ಬ ಹುಡುಗಿ ಫೋನ್ ಮಾಡಿ, "ಅಣ್ಣಾ, ಸ್ಕಾಲರ್‌ಶಿಪ್‌ಗೆ ದುಡ್ಡು ಕಟ್ಟಿದೀನಿ, ಯಾವಾಗ ಬರುತ್ತೆ?" ಅಂದಳು. ನಾವು ಯಾರ ಹತ್ರಾನೂ ದುಡ್ಡು ಕೇಳಿರಲಿಲ್ಲ. ಅವಳಿಗೆ ಬಂದ ಮೇಲ್ ತರಿಸಿಕೊಂಡು ನೋಡಿದರೆ, ಕಳಿಸಿದವರ ಜಾಗದಲ್ಲಿ ನಮ್ಮ ಸಂಘಟನೆಯದೇ ವಿಳಾಸ. ಒಂದಕ್ಷರವೂ ಆಚೀಚೆ ಇಲ್ಲ. ಕೆಳಗೆ ನಮ್ಮ ಲೋಗೋ, ಬಾಬಾಸಾಹೇಬರ ಫೋಟೋ, "ನೋಂದಣಿ ಶುಲ್ಕ 500 ರೂಪಾಯಿ". ಅವಳ ಅವ್ವ ಕೂಲಿ ಮಾಡಿ ಕಳಿಸಿದ್ದ ದುಡ್ಡು ಅದು.

ಆ ಹುಡುಗಿ ದಡ್ಡಿಯಲ್ಲ. ನಮ್ಮ ಹೆಸರನ್ನ ನಂಬಿದಳು, ಅಷ್ಟೇ. ಆ ಹೆಸರನ್ನ ಕಾಯದೇ ಬಿಟ್ಟವರು ನಾವು.

ನಮ್ಮ ಅಕೌಂಟ್ ಹ್ಯಾಕ್ ಆಗಿದೆ ಅಂತ ಮೊದಲು ಗಾಬರಿಯಾಯ್ತು. ಐಟಿ ಕೆಲಸದಲ್ಲಿರೋ ನಮ್ಮ ಹುಡುಗನೊಬ್ಬ ನೋಡಿ, "ಹ್ಯಾಕ್ ಏನೂ ಇಲ್ಲಣ್ಣ, ನಿಮ್ಮ ಡೊಮೈನ್‌ಗೆ ಬಾಗಿಲೇ ಇಟ್ಟಿಲ್ಲ" ಅಂದ. ಇಮೇಲ್ ಸಾಗಿಸೋ ಎಸ್‌ಎಂಟಿಪಿ ನಿಯಮ 1982ರದ್ದು. ಕಳಿಸಿದವರು ನಿಜಕ್ಕೂ ಅವರೇನಾ ಅಂತ ಅದು ಕೇಳೋದೇ ಇಲ್ಲ. ಪೋಸ್ಟ್‌ಕಾರ್ಡ್ ಮೇಲೆ "ಇಂದ" ಅಂತ ಯಾರ ಹೆಸರನ್ನಾದ್ರೂ ಬರೆದು ಡಬ್ಬಿಗೆ ಹಾಕಬಹುದಲ್ಲ, ಹಾಗೆ.

ಇದಕ್ಕೆ ಮೂರು ಬಂದೋಬಸ್ತ್ ಇವೆ.

ಒಂದು, ಎಸ್‌ಪಿಎಫ್. ನಮ್ಮ ಡೊಮೈನ್ ಹೆಸರಲ್ಲಿ ಮೇಲ್ ಕಳಿಸೋಕೆ ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಅನ್ನೋ ಪಟ್ಟಿ.

ಎರಡು, ಡಿಕಿಮ್. ಇದು ಡಿಜಿಟಲ್ ಸಹಿ, 2007ರಿಂದಲೂ ಇದೆ. ಎರಡು ಕೀಲಿ ಇರ್ತವೆ. ಗುಟ್ಟಿನ ಕೀಲಿ ನಮ್ಮ ಮೇಲ್ ಸರ್ವರ್‌ನಲ್ಲೇ ಇದ್ದು, ಹೋಗೋ ಪ್ರತಿ ಮೇಲ್‌ಗೂ ಸಹಿ ಹಾಕುತ್ತೆ. ಬಹಿರಂಗ ಕೀಲಿಯನ್ನ ನಮ್ಮ ಡೊಮೈನ್‌ನ ಡಿಎನ್‌ಎಸ್ ದಾಖಲೆಯಲ್ಲಿ, ಪಂಚಾಯ್ತಿ ನೋಟಿಸ್ ಬೋರ್ಡಿಗೆ ಅಂಟಿಸಿದಂಗೆ, ಎಲ್ರಿಗೂ ಕಾಣೋ ಹಾಗೆ ಇಡ್ತೀವಿ. ಮೇಲ್ ಪಡೆಯೋ ಕಡೆಯವರು ಅದನ್ನ ತಗೊಂಡು ಸಹಿ ತಾಳೆ ನೋಡ್ತಾರೆ. ದಾರಿಯಲ್ಲಿ ಯಾರಾದ್ರೂ 500 ಅನ್ನೋದನ್ನ 5000 ಅಂತ ತಿದ್ದಿದರೂ ತಾಳೆ ಆಗಲ್ಲ.

ಮೂರು, ಡಿಮಾರ್ಕ್. ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ. ಸಹಿ ಇಲ್ಲದ ಮೇಲ್ ಬಂದರೆ ಏನು ಮಾಡಬೇಕು ಅಂತ ನಾವೇ ಹೇಳದಿದ್ರೆ, ಅದನ್ನ ಒಳಗೆ ಬಿಡೋದೂ ಬಿಡದಿರೋದೂ ಪಡೆಯೋರ ಇಷ್ಟ. ಡಿಮಾರ್ಕ್‌ನಲ್ಲಿ ಮೂರು ಹಂತ: ಸುಮ್ಮನೆ ವರದಿ ಕೊಡಿ, ಸ್ಪ್ಯಾಮ್‌ಗೆ ಹಾಕಿ, ತಿರಸ್ಕರಿಸಿ. ಮೊದಲ ಹಂತದಲ್ಲಿ ಕೆಲವು ವಾರ ಇದ್ದು, ನಮ್ಮದೇ ಮೇಲ್‌ಗಳೆಲ್ಲ ಪಾಸ್ ಆಗ್ತಿವೆಯಾ ನೋಡಿಕೊಂಡು ಆಮೇಲೆ ಮೂರನೆಯದಕ್ಕೆ ಹೋಗಬೇಕು. ಮೊದಲನೆಯದರಲ್ಲೇ ಕೂತರೆ ಯಾವ ಖೋಟಾ ಮೇಲೂ ನಿಲ್ಲಲ್ಲ.

"ನಮ್ಮಂಥ ಚಿಕ್ಕ ಸಂಘಟನೆಗೆ ಇದೆಲ್ಲ ಯಾಕೆ ಬೇಕು" ಅಂತ ಕೆಲವು ಸಂಗಾತಿಗಳು ಕೇಳಿದರು. ಬೇರೆಯವರ ಸಹಿಯ ಆಟಕ್ಕೆ ನಮ್ಮಷ್ಟು ಬೆಲೆ ತೆತ್ತವರು ಯಾರಿದ್ದಾರೆ ಹೇಳಿ? ಓದು ಬಾರದ ನಮ್ಮ ಅಜ್ಜಂದಿರ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಂಡ ಕಥೆ ಯಾವ ಕೇರಿಯಲ್ಲಿ ಇಲ್ಲ? ಮಂಜೂರಾದ ಭೂಮಿ ಕೈತಪ್ಪದಿರಲಿ ಅಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಯ್ತು. ಇವತ್ತು ನಮ್ಮ ಹೆಸರಲ್ಲಿ 500 ರೂಪಾಯಿ ಕಿತ್ಕೊಂಡರು. ನಾಳೆ ಅದೇ ಹೆಸರಲ್ಲಿ ಗಲಭೆಗೆ ಕರೆ ಕೊಡೋ ಮೇಲ್ ಹೋದರೆ? "ಇದು ನಮ್ಮದಲ್ಲ" ಅಂತ ಠಾಣೆಯಲ್ಲಿ ಬಾಯಲ್ಲಿ ಹೇಳಿದ್ರೆ ಸಾಕಾಗುತ್ತಾ? ನಮ್ಮ ಮೇಲ್‌ಗಳಿಗೆಲ್ಲ ಸಹಿ ಇರುತ್ತೆ, ಇದಕ್ಕಿಲ್ಲ ಅಂತ ತೋರಿಸೋಕೆ ಏನಾದ್ರೂ ಕೈಯಲ್ಲಿರಬೇಕು.

ಹಾಗಂತ ಇದು ಸರ್ವರೋಗಕ್ಕೂ ಮದ್ದಲ್ಲ. ಭೀಮಾ ಕೋರೆಗಾಂವ್ ಪ್ರಕರಣ ನೆನಪಿಸಿಕೊಳ್ಳಿ. 2016ರ ಜೂನ್‌ನಲ್ಲಿ ರೋನಾ ವಿಲ್ಸನ್ ಅವರಿಗೆ ಬಂದ ಮೇಲ್‌ಗಳ ಮೂಲಕ ಅವರ ಕಂಪ್ಯೂಟರ್‌ಗೆ ನೆಟ್‌ವೈರ್ ಕುತಂತ್ರಾಂಶ ಸೇರಿತು, ಆಮೇಲೆ ಕಡತಗಳನ್ನ ತುರುಕಲಾಯಿತು ಅಂತ ಅಮೆರಿಕದ ಆರ್ಸೆನಲ್ ಸಂಸ್ಥೆಯ ವರದಿ 2021ರಲ್ಲಿ ಹೇಳಿತು. ವರವರ ರಾವ್ ಅವರ ಅಕೌಂಟನ್ನ ಬೇರೆ ಯಾರೋ ಬಳಸಿ ಆ ಮೇಲ್ ಕಳಿಸಿದ್ದರು ಅಂತಲೂ ಅದರಲ್ಲಿತ್ತು. ಅಂಥ ಕಡೆ ಡಿಕಿಮ್ ಏನೂ ಮಾಡಲ್ಲ. ನಿಜವಾದ ಅಕೌಂಟ್‌ನಿಂದಲೇ ಹೋದರೆ ಸಹಿಯೂ ನಿಜವಾದದ್ದೇ ಬೀಳುತ್ತೆ. ಸಹಿ ಕಾಯೋದು ಡೊಮೈನನ್ನ, ಕೀಬೋರ್ಡ್ ಮುಂದೆ ಕೂತವರನ್ನಲ್ಲ. ಒಂದಕ್ಷರ ಬದಲಿಸಿ ಹೊಸ ಡೊಮೈನ್ ಕೊಂಡು ಮೋಸ ಮಾಡಿದರೂ ಇದು ತಡೆಯಲ್ಲ. ಅದಕ್ಕೇ ಪಾಸ್‌ವರ್ಡ್ ಜೊತೆ ಎರಡನೇ ಹಂತದ ಪರಿಶೀಲನೆ ಇಟ್ಕೊಳ್ಳಿ. ಗೊತ್ತಿದ್ದವರೇ ಕಳಿಸಿದ್ರೂ, ನಿರೀಕ್ಷೆ ಮಾಡದ ಫೈಲ್ ತೆಗೆಯೋ ಮುಂಚೆ ಫೋನ್ ಮಾಡಿ ಕೇಳಿ.

ಆದರೆ ಬೀಗ ಎಲ್ಲ ಕಳ್ಳರನ್ನೂ ತಡೆಯಲ್ಲ ಅಂತ ಬಾಗಿಲೇ ಇಲ್ಲದ ಮನೇಲಿ ಮಲಗ್ತೀವಾ?

ಸ್ವಂತ ಡೊಮೈನ್ ಇರೋ ಸಂಘಟನೆಗಳಿಗೆ ನನ್ನ ಮನವಿ ಇಷ್ಟೇ. ನಿಮ್ಮ ಮೇಲ್ ಒಂದನ್ನ ಜಿಮೇಲ್‌ಗೆ ಕಳಿಸಿ, ಕಂಪ್ಯೂಟರ್‌ನಲ್ಲಿ ಅದನ್ನ ತೆರೆದು, ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ನೋಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೂ "ಪಾಸ್" ಇರಬೇಕು. ಇಲ್ಲದಿದ್ರೆ ವೆಬ್‌ಸೈಟ್ ಮಾಡಿಕೊಟ್ಟವರನ್ನ ಇವತ್ತೇ ಕೇಳಿ. ಕೀಲಿ 2048 ಬಿಟ್‌ನದ್ದಿರಲಿ. ಗುಟ್ಟಿನ ಕೀಲಿಯನ್ನ ವಾಟ್ಸಾಪ್‌ನಲ್ಲಿ ಓಡಾಡಿಸಬೇಡಿ.

1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದ್ದು ನಮ್ಮ ಮಾತನ್ನ ನಾವೇ ಆಡಬೇಕು ಅಂತ. ಆ ಮಾತನ್ನ ನಮ್ಮ ಹೆಸರಲ್ಲಿ ಬೇರೆಯವರು ಆಡದಂತೆ ನೋಡಿಕೊಳ್ಳೋದೂ ನಮ್ಮದೇ ಕೆಲಸ.

ಹುಡುಗಿಯ 500 ರೂಪಾಯಿ ನಾವು ಕೊಟ್ಟಿದ್ದೀವಿ, ಸೈಬರ್ ಠಾಣೆಗೆ ದೂರೂ ಕೊಟ್ಟಿದ್ದೀವಿ. ನಮ್ಮ ಡಿಮಾರ್ಕ್ ಈಗ ಮೊದಲ ಹಂತದಲ್ಲಿದೆ. "ತಿರಸ್ಕರಿಸಿ"ಗೆ ಹೋದ ದಿನ ಇಲ್ಲೇ ತಿಳಿಸ್ತೀನಿ.

ಜೈ ಭೀಮ್.