ಬಸ್ ಸ್ಟ್ಯಾಂಡಿಗೆ ಕಕ್ಕಸು ಎಷ್ಟು ಬೇಕು? ಲೆಕ್ಕ ಹಾಕಿದವರು ಯಾರು?

ಸಾರ್ವಜನಿಕ ಕಟ್ಟಡ ಕಟ್ಟುವಾಗ ನಮ್ಮಲ್ಲಿ ಎಲ್ಲದಕ್ಕೂ ಲೆಕ್ಕವಿದೆ. ಸಿಮೆಂಟು ಎಷ್ಟು ಮೂಟೆ, ಕಬ್ಬಿಣ ಎಷ್ಟು ಟನ್ನು, ಮುಂಭಾಗಕ್ಕೆ ಗ್ರಾನೈಟು ಎಷ್ಟು ಚದರಡಿ, ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರು ಮೊದಲು, ಯಾರದು ಆಮೇಲೆ, ಇದಕ್ಕೆಲ್ಲ ಮೂರು ಮೂರು ಮೀಟಿಂಗು ನಡೆಯುತ್ತವೆ. ಆದರೆ ಕಕ್ಕಸು ಎಷ್ಟು ಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಅರ್ಧ ನಿಮಿಷದಲ್ಲಿ ಸಿದ್ಧ. "ಹಿಂದುಗಡೆ ಜಾಗ ಉಳಿದಿದೆಯಲ್ಲ ಸ್ವಾಮಿ, ಗಂಡಸರಿಗೆ ಐದು, ಹೆಂಗಸರಿಗೆ ಐದು ಹಾಕಿಬಿಡಿ. ಸಮಪಾಲು!"

ಸಮಪಾಲು ಎಂದರೆ ಯಾರೂ ತಕರಾರು ಎತ್ತುವುದಿಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಲೆಕ್ಕಕ್ಕೆ ಕೂತರೆ ಮಾತ್ರ ಇದು ಹೆಂಗಸರಿಗೆ ಮಾಡುವ ಶುದ್ಧ ಮೋಸ. ಹೇಗೆ ಅಂತೀರಾ? ಒಂದು ಪೆನ್ಸಿಲು ತೆಗೆದುಕೊಳ್ಳಿ. ದಿನಾ ಅಂಗಡಿಯ ಗಲ್ಲಾ ಎಣಿಸುವವರಿಗೆ ಇದೇನೂ ಕಷ್ಟದ ಲೆಕ್ಕವಲ್ಲ.

ತಲೆ ಅಲ್ಲ, ನಿಮಿಷ ಎಣಿಸಿ

ಯಾವುದಾದರೂ ಒಂದು ತಾಲ್ಲೂಕಿನ ಬಸ್ ನಿಲ್ದಾಣ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 9ರಿಂದ 10 ಗಂಟೆ. ಆಫೀಸಿನವರು, ಕಾಲೇಜಿನವರು, ಆಸ್ಪತ್ರೆಗೆ ಬಂದವರು, ಸಂತೆಗೆ ಬಂದವರು ಎಲ್ಲರೂ ಒಟ್ಟೊಟ್ಟಿಗೆ ಇಳಿಯುವ ಹೊತ್ತು. ಆ ಒಂದು ಗಂಟೆಯಲ್ಲಿ 150 ಗಂಡಸರು, 150 ಹೆಂಗಸರು ಶೌಚಾಲಯದ ಕಡೆ ಬಂದರು ಅನ್ನೋಣ. ಇದು ಉದಾಹರಣೆಗೆ ಹಿಡಿದ ಅಂಕಿ. ನಿಮ್ಮೂರಿನ ಅಂಕಿ ಬೇರೆ ಇದ್ದರೂ ಲೆಕ್ಕದ ದಾರಿ ಇದೇ.

ಮೊದಲು ಗಂಡಸರ ಕಡೆ ನೋಡಿ. 150 ಜನರಲ್ಲಿ 120 ಜನ ನಿಂತೇ ಮುಗಿಸುವವರು. ತಲೆಗೆ ಒಂದು ನಿಮಿಷದಂತೆ 120 ನಿಮಿಷ. ಒಂದು ಜಾಗ ಗಂಟೆಗೆ ಕೊಡುವುದು 60 ನಿಮಿಷ. ಅಂದರೆ ಎರಡು ಜಾಗ ಪೂರ್ತಿ ಭರ್ತಿ, ಮೂರಿದ್ದರೆ ಆರಾಮ. ಉಳಿದ 30 ಜನಕ್ಕೆ ಬಾಗಿಲಿನ ಕಕ್ಕಸು ಬೇಕು. ತಲೆಗೆ 4 ನಿಮಿಷ ಹಿಡಿದರೆ ಅದೂ 120 ನಿಮಿಷ. ಅಲ್ಲಿಗೂ ಮೂರು ಸಾಕು.

ಈಗ ಹೆಂಗಸರ ಕಡೆ ಬನ್ನಿ. ಅಲ್ಲಿ ನಿಂತು ಮುಗಿಸುವ ಮಾತೇ ಇಲ್ಲ. 150 ಜನಕ್ಕೂ ಬಾಗಿಲು, ಚಿಲಕ, ಬಕೆಟ್ಟು, ಚೊಂಬು ಬೇಕು. ಸೀರೆ ನೆರಿಗೆ ಹಿಡಿಯಬೇಕು. ಕೈಚೀಲ ತೂಗುಹಾಕಲು ಒಂದು ಮೊಳೆಯೂ ಇರುವುದಿಲ್ಲ, ಅದನ್ನು ಕುತ್ತಿಗೆಗೆ ಹಾಕಿಕೊಳ್ಳಬೇಕು. ಜೊತೆಗೆ ಮಗುವಿದ್ದರೆ ಅದನ್ನೂ ಕೂರಿಸಬೇಕು. ತಿಂಗಳ ದಿನಗಳಾದರೆ ಇನ್ನಷ್ಟು ಹೊತ್ತು. ಹೊರದೇಶಗಳಲ್ಲಿ ಗಡಿಯಾರ ಹಿಡಿದು ನೋಡಿದವರ ಲೆಕ್ಕದಲ್ಲೂ ಹೆಂಗಸರಿಗೆ ಹಿಡಿಯುವ ಸಮಯ ಗಂಡಸರದಕ್ಕಿಂತ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಪಟ್ಟು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ತಲೆಗೆ 3 ನಿಮಿಷ ಎಂದು ಹಿಡಿಯೋಣ. 150 ಜನಕ್ಕೆ 450 ನಿಮಿಷ.

ಇಲ್ಲಿದೆ ನೋಡಿ ಸಮಪಾಲಿನ ಗುಟ್ಟು. ಐದು ಕಕ್ಕಸು ಒಂದು ಗಂಟೆಯಲ್ಲಿ ಕೊಡುವುದು 300 ನಿಮಿಷ. ಬೇಕಾದ್ದು 450. ಹತ್ತು ಗಂಟೆ ಹೊಡೆಯುವಾಗ 100 ಹೆಂಗಸರ ಕೆಲಸ ಮುಗಿದಿರುತ್ತದೆ, 50 ಜನ ಇನ್ನೂ ಸಾಲಿನಲ್ಲೇ ಇರುತ್ತಾರೆ. ಐದರಲ್ಲಿ ಒಂದಕ್ಕೆ ಬೀಗ ಬಿದ್ದಿದ್ದರೆ 80 ಜನ ಒಳಗೆ, 70 ಜನ ಹೊರಗೆ. ಇವರಿಗಾಗಿ ಬಸ್ಸು ಕಾಯುತ್ತದೆಯೇ? ಕಂಡಕ್ಟರು ರೈಟ್ ಅಂದರೆ ಮುಗಿಯಿತು. ಆ ತಾಯಿ ಹಾಗೇ ಹೊಟ್ಟೆ ಹಿಡಿದುಕೊಂಡು ಬಸ್ಸು ಹತ್ತುತ್ತಾಳೆ.

ಎಂಟು ಸಾಲದೇ?

450 ನಿಮಿಷವನ್ನು 60ರಿಂದ ಭಾಗಿಸಿದರೆ ಏಳೂವರೆ. ಹಾಗಾದರೆ ಎಂಟು ಕಟ್ಟಿದರೆ ಸಾಕಲ್ಲ ಅನ್ನುತ್ತೀರಿ. ಸಾಲದು. ಯಾಕೆಂದರೆ ಜನ ಮೂರು ನಿಮಿಷಕ್ಕೊಬ್ಬರಂತೆ ಲೆಕ್ಕ ಹಿಡಿದು ಬರುವುದಿಲ್ಲ. ಅಂಗಡಿಯವರಿಗೆ ಇದು ಗೊತ್ತಿರುವ ವಿಷಯವೇ. ಅರ್ಧ ಗಂಟೆ ನೊಣ ಹೊಡೆಯುತ್ತಾ ಕೂತಿದ್ದರೂ ಗಿರಾಕಿ ಇರುವುದಿಲ್ಲ. ಒಂದು ಬಸ್ಸು ಬಂದು ನಿಂತಿತೋ, ಹತ್ತು ಜನ ಒಟ್ಟಿಗೆ "ನನಗೆ ಮೊದಲು ಕೊಡಿ" ಅಂತ ಕೈ ಚಾಚುತ್ತಾರೆ. ಶೌಚಾಲಯದ ಬಾಗಿಲಲ್ಲೂ ಇದೇ ಕತೆ.

ಇಂಥ ನೂಕುನುಗ್ಗಲಿಗೂ ಒಂದು ಗಣಿತವಿದೆ. ಡೆನ್ಮಾರ್ಕಿನ ಕೋಪನ್ ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬಾತ 1909ರಲ್ಲಿ ಇದಕ್ಕೆ ತಳಪಾಯ ಹಾಕಿದ. ಎಷ್ಟು ಕರೆ ಬಂದರೆ ಎಷ್ಟು ಲೈನು ಬೇಕು ಎಂಬುದು ಆತನ ಚಿಂತೆ. ಅದೇ ಸೂತ್ರವನ್ನು ನಮ್ಮ ಬಸ್ ಸ್ಟ್ಯಾಂಡಿಗೆ ಹಾಕಿ ನೋಡಿ. ಇದೇ ರಶ್ಶು ಮುಂದುವರಿದರೆ, ಎಂಟು ಕಕ್ಕಸು ಇದ್ದಾಗ ಹೊರಗೆ ಸರಾಸರಿ ಹನ್ನೆರಡು ಹೆಂಗಸರು ಸಾಲು ನಿಂತಿರುತ್ತಾರೆ. ಹತ್ತು ಇದ್ದಾಗ ಆ ಸಾಲು ಒಬ್ಬರಿಗೆ ಇಳಿಯುತ್ತದೆ! ಎರಡೇ ಎರಡು ಬಾಗಿಲು ಹೆಚ್ಚು ಇಟ್ಟಿದ್ದಕ್ಕೆ ಇಷ್ಟು ವ್ಯತ್ಯಾಸ. ಆದ್ದರಿಂದ ಈ ನಿಲ್ದಾಣಕ್ಕೆ ಬೇಕಾದ್ದು ಗಂಡಸರಿಗೆ ಮೂರು ಕಕ್ಕಸು, ಮೂರು ನಿಲ್ಲುವ ಜಾಗ. ಹೆಂಗಸರಿಗೆ ಹತ್ತು ಕಕ್ಕಸು. ಐದೈದು ಎಲ್ಲಿಂದ ಬಂತು?

ಪುಸ್ತಕದಲ್ಲಿ ಇರುವುದು

ಸರ್ಕಾರದ ಕಡೆ ಅಳತೆಗಳೇ ಇಲ್ಲ ಎಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ದಪ್ಪ ಪುಸ್ತಕ 1970ರಲ್ಲೇ ಬಂತು. 1983, 2005, 2016ರಲ್ಲಿ ತಿದ್ದುಪಡಿಯೂ ಆಯಿತು. ಸಿನಿಮಾ ಮಂದಿರ, ಸಭಾಭವನಗಳಲ್ಲಿ 400 ಜನರವರೆಗೆ ಪ್ರತಿ 100 ಗಂಡಸರಿಗೆ ಒಂದು ಕಕ್ಕಸು, 200 ಜನರವರೆಗೆ ಪ್ರತಿ 100 ಹೆಂಗಸರಿಗೆ ಮೂರು ಎಂದು ಅದರಲ್ಲಿದೆ. ಗಂಡಸರಿಗೆ ಮೂತ್ರಕ್ಕೆ ನಿಲ್ಲುವ ಸಾಲು ಬೇರೆ. ಹೆಂಗಸರಿಗೆ ಹೆಚ್ಚು ಬೇಕು ಎಂಬುದನ್ನು ಪುಸ್ತಕ ಬರೆದವರೂ ಒಪ್ಪಿದ್ದಾರೆ ಎಂದಾಯಿತು.

ಆದರೆ ಅದೇ ಕೋಷ್ಟಕದ ಅಡಿಯಲ್ಲಿ ಒಂದು ಸಣ್ಣ ಟಿಪ್ಪಣಿ ಕೂತಿದೆ. ಬರುವ ಜನರಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರು, ಒಂದು ಪಾಲು ಹೆಂಗಸರು ಎಂದು ಊಹಿಸಬಹುದಂತೆ. 600 ಜನರ ಸಭಾಭವನ ಎಂದರೆ 400 ಗಂಡಸರು, 200 ಹೆಂಗಸರು; ಹೆಂಗಸರಿಗೆ ಆರು ಕಕ್ಕಸು. ನಮ್ಮ ಮದುವೆ ಛತ್ರಗಳಿಗೂ ಇದೇ ಊಹೆ ಹಾಕಿ ನೋಡಿ. ಧಾರೆಯ ಹೊತ್ತಿಗೆ ಅಲ್ಲಿ ಹೆಂಗಸರು ಮೂರರಲ್ಲಿ ಒಂದು ಪಾಲೇ? ಅರ್ಧಕ್ಕರ್ಧ ಇದ್ದೇ ಇರುತ್ತಾರೆ. ಆಗ 300 ಹೆಂಗಸರಿಗೆ ಆರೇ ಕಕ್ಕಸು. ಒಂದಕ್ಕೆ ಐವತ್ತು ಜನ! ಸೂತ್ರ ಸರಿಯಿದ್ದರೂ ಅದಕ್ಕೆ ತುಂಬುವ ತಲೆಲೆಕ್ಕ ತಪ್ಪಿದರೆ ಉತ್ತರ ತಪ್ಪುತ್ತದೆ.

ಸ್ವಚ್ಛ ಭಾರತ ಯೋಜನೆ ಶುರುವಾದದ್ದು 2014ರಲ್ಲಿ. ಮನೆಯಲ್ಲಿ ಕಕ್ಕಸಿಲ್ಲದವರ ಸಮುದಾಯ ಶೌಚಾಲಯಕ್ಕೆ ಅದರ ಅಳತೆ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು. ಅಮೆರಿಕದ ನ್ಯೂಯಾರ್ಕ್ ನಗರ 2005ರಲ್ಲಿ ಕಾನೂನನ್ನೇ ಮಾಡಿ, ಹೊಸ ನಾಟಕಗೃಹ, ಕ್ರೀಡಾಂಗಣಗಳಲ್ಲಿ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಎರಡು ಇರಬೇಕು ಎಂದಿತು. ಎಲ್ಲಿ ನೋಡಿದರೂ ಸಮಪಾಲಿನ ಮಾತಿಲ್ಲ. ನಮ್ಮ ಎಸ್ಟಿಮೇಟು ಬರೆಯುವವರ ಟೇಬಲ್ಲಿನ ಮೇಲೆ ಮಾತ್ರ ಅದು ಗಟ್ಟಿಯಾಗಿ ಕೂತಿದೆ.

ಶಕ್ತಿ ಬಂದ ಮೇಲೆ

ಈಗ ಈ ಮಾತು ಎತ್ತುವುದಕ್ಕೆ ಕಾರಣವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಕಾಸಿಲ್ಲ. 2025ರ ಜುಲೈ ಹೊತ್ತಿಗೆ ಇಂಥ ಉಚಿತ ಪ್ರಯಾಣ 500 ಕೋಟಿ ದಾಟಿತು. ಕೆಲಸಕ್ಕೆ, ಕಾಲೇಜಿಗೆ, ತವರಿಗೆ, ದೇವಸ್ಥಾನಕ್ಕೆ ಹೆಂಗಸರು ಹೊರಟರು. ಒಳ್ಳೆಯದೇ ಆಯಿತು. ಯೋಜನೆಯ ಪರ ಮಾತಾಡುವವರೂ ವಿರುದ್ಧ ಮಾತಾಡುವವರೂ ದಿನಾ ಸಿಗುತ್ತಾರೆ; ಆ ವಾದ ಇಲ್ಲಿ ಬೇಡ.

ನಮ್ಮ ಪ್ರಶ್ನೆ ಇಷ್ಟೇ. ಬಸ್ಸಿನೊಳಗಿನ ಜನ ಬದಲಾದರು. ಬಸ್ ನಿಲ್ದಾಣದ ಹಿಂದಿನ ಕಟ್ಟಡ ಬದಲಾಯಿತೇ? ಗಂಡಸರೇ ಹೆಚ್ಚು ಓಡಾಡುತ್ತಿದ್ದ ಕಾಲದಲ್ಲಿ ಕಟ್ಟಿದ ಐದು ಕಕ್ಕಸು ಇವತ್ತೂ ಐದೇ ಆಗಿದ್ದರೆ ಸಾಲು ಬೆಳೆಯದೆ ಇನ್ನೇನಾದೀತು?

ಇದರ ಫಲ ಮನೆಮನೆಯಲ್ಲೂ ಇದೆ. ದಾರಿಯಲ್ಲಿ ಎಲ್ಲಿಗೆ ಹೋಗುವುದು ಎಂಬ ಹೆದರಿಕೆಗೆ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನೀರು ಕುಡಿಯದೆ, ಬಂದದ್ದನ್ನು ಗಂಟೆಗಟ್ಟಲೆ ತಡೆದರೆ ಮೂತ್ರದ ಉರಿ, ಸೋಂಕು, ಕಲ್ಲು ಎಂದು ಡಾಕ್ಟರ ಬಾಗಿಲು ತಟ್ಟಬೇಕಾಗುತ್ತದೆ. ಬಸ್ಸಿನಲ್ಲಿ ಉಳಿದ ಕಾಸು ಔಷಧಿ ಅಂಗಡಿಗೆ ಹೋಯಿತು.

ಕಟ್ಟಿದ್ದೆಷ್ಟು, ತೆರೆದಿದ್ದೆಷ್ಟು?

ಇನ್ನೊಂದು ಲೆಕ್ಕವೂ ಇದೆ. ಕಾಗದದ ಮೇಲೆ ಹತ್ತು ಇರುತ್ತವೆ. ಹೋಗಿ ನೋಡಿದರೆ ಒಂದರಲ್ಲಿ ಪೊರಕೆ, ಬ್ಲೀಚಿಂಗ್ ಪೌಡರ್ ಮೂಟೆ. ಒಂದಕ್ಕೆ ಚಿಲಕವಿಲ್ಲ. ಒಂದು ಕಟ್ಟಿಕೊಂಡಿದೆ. ಒಂದಕ್ಕೆ 'ಸಿಬ್ಬಂದಿಗೆ ಮಾತ್ರ' ಎಂಬ ಬೋರ್ಡು. ಜನಕ್ಕೆ ಸಿಗುವುದು ಬಾಗಿಲು ತೆರೆದಿರುವ ಆರು. ಎಣಿಸಬೇಕಾದ್ದು ಇದನ್ನೇ.

ನೀರಿನದೂ ಹಾಗೆಯೇ. ಗಂಟೆಗೆ 300 ಜನ, ತಲೆಗೆ ಐದೇ ಲೀಟರು ಎಂದರೂ 1,500 ಲೀಟರು ಆಯಿತು. ಮೇಲೆ ಕೂತಿರುವುದು 1,000 ಲೀಟರಿನ ಒಂದೇ ಕರಿ ಟ್ಯಾಂಕಾದರೆ ಅದು ನಲವತ್ತು ನಿಮಿಷದಲ್ಲಿ ಖಾಲಿ. ಆಮೇಲೆ ಬಂದವರ ಗತಿ ಹೇಳುವುದೇ ಬೇಡ. ಮೂತ್ರಕ್ಕೆ ಉಚಿತ ಎಂದು ಗೋಡೆಯ ಮೇಲೆ ಬರೆದಿದ್ದರೂ, "ಒಳಗೆ ಏನು ಮಾಡಿದಿರೋ ನಮಗೇನು ಗೊತ್ತು" ಎಂದು ಹೆಂಗಸರಿಂದ ಕಾಸು ಕೀಳುವ ವಸೂಲಿಯವರೂ ಕೆಲವು ಕಡೆ ಇದ್ದಾರೆ. ಇದಕ್ಕೂ ಕೇಳುವವರಿಲ್ಲ.

ಗಾಲಿ ಕುರ್ಚಿಯಲ್ಲಿ ಬರುವವರಿಗೆ ಮೂರು ಮೆಟ್ಟಿಲ ಮೇಲಿನ ಕಕ್ಕಸು ಇದ್ದೂ ಇಲ್ಲದಂತೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. 2025ರ ಜನವರಿ 15ರಂದು ಸುಪ್ರೀಂ ಕೋರ್ಟು, ದೇಶದ ಎಲ್ಲ ನ್ಯಾಯಾಲಯಗಳ ಆವರಣದಲ್ಲಿ ಗಂಡಸರು, ಹೆಂಗಸರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದು ಆದೇಶ ಮಾಡಿತು. ಶೌಚಾಲಯ ಬದುಕುವ ಹಕ್ಕಿನ ಭಾಗ ಎಂದೂ ಹೇಳಿತು. ಕೋರ್ಟಿಗೆ ಬರುವವರಿಗೆ ಇರುವ ಹಕ್ಕು ಬಸ್ಸಿಗೆ ಬರುವವರಿಗೆ ಬೇಡವೇ?

ಅಂಗಡಿಯವರಿಗೇನು ಸಂಬಂಧ?

ಇದೆ ಸ್ವಾಮಿ. ಒಳಗೆ ಜಾಗ ಸಿಗದ ಗಂಡಸು ಎಲ್ಲಿಗೆ ಹೋಗುತ್ತಾನೆ? ನಿಮ್ಮ ಅಂಗಡಿಯ ಹಿಂದಿನ ಗೋಡೆಗೆ. ಅಲ್ಲಿ ದೇವರ ಚಿತ್ರದ ಟೈಲ್ಸು ಅಂಟಿಸಿದರೆ ಆತ ನಾಲ್ಕು ಗಜ ಮುಂದೆ ಹೋಗಿ ಪಕ್ಕದ ಅಂಗಡಿಯ ಗೋಡೆ ಹಿಡಿಯುತ್ತಾನೆ. ನಾರುವ ಗಲ್ಲಿಗೆ ಗಿರಾಕಿ ಕಾಲಿಡುವುದಿಲ್ಲ. ನಿಮ್ಮ ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ಸೀರೆ ಬಿಚ್ಚಿ ತೋರಿಸುವ ಹುಡುಗಿಯರು ಎಲ್ಲಿಗೆ ಹೋಗುತ್ತಾರೆ ಎಂದು ಎಂದಾದರೂ ಕೇಳಿದ್ದೀರಾ? ಅವರೂ ಅದೇ ಬಸ್ ಸ್ಟ್ಯಾಂಡಿನ ಸಾಲಿನಲ್ಲಿ ನಿಲ್ಲುವವರೇ.

ಆಗಬೇಕಾದ್ದು

ಇದಕ್ಕೆ ಕಮಿಟಿ, ವರದಿ ಏನೂ ಬೇಡ. ಸಂತೆಯ ದಿನ ಒಂದು, ಮಾಮೂಲಿ ದಿನ ಒಂದು, ಇಬ್ಬರು ನೌಕರರು ಗಡಿಯಾರ, ನೋಟ್‌ಬುಕ್ಕು ಹಿಡಿದು ಬೆಳಿಗ್ಗೆ ಎರಡು ಗಂಟೆ ನಿಂತರೆ ಸಾಕು. ಎಷ್ಟು ಜನ ಬಂದರು, ಎಷ್ಟು ಹೊತ್ತು ಕಾದರು, ಎಷ್ಟು ಜನ ಸಾಲು ನೋಡಿಯೇ ವಾಪಸು ಹೋದರು, ಮೂರನ್ನೂ ಬರೆಯಬೇಕು. ವಾಪಸು ಹೋದವರನ್ನು ಬಿಟ್ಟರೆ ಲೆಕ್ಕ ಮತ್ತೆ ತಪ್ಪುತ್ತದೆ.

ಎರಡನೆಯದು, ಇರುವುದನ್ನೇ ಸರಿಯಾಗಿ ಹಂಚುವುದು. ನಮ್ಮ ಉದಾಹರಣೆಯ ನಿಲ್ದಾಣದಲ್ಲಿ ಗಂಡಸರಿಗೆ ಐದು ಕಕ್ಕಸಿದೆ, ಬೇಕಾದ್ದು ಮೂರು. ನಡುವಿನ ಅಡ್ಡಗೋಡೆ ಸರಿಸಿ ಎರಡನ್ನು ಹೆಂಗಸರ ಕಡೆಗೆ ಬಿಟ್ಟರೆ ಅವರಿಗೆ ಏಳಾಯಿತು. ಇನ್ನು ಹೊಸದಾಗಿ ಕಟ್ಟಬೇಕಾದ್ದು ಮೂರು ಮಾತ್ರ.

ಮೂರನೆಯದು, ಇನ್ನು ಮುಂದೆ ಯಾವ ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಮಾರುಕಟ್ಟೆ ಕಟ್ಟಡದ ನಕ್ಷೆ ಮಂಜೂರಿಗೆ ಬಂದರೂ ಸದಸ್ಯರು ಒಂದೇ ಒಂದು ಹಾಳೆ ಕೇಳಲಿ: ರಶ್ಶಿನ ಗಂಟೆಯಲ್ಲಿ ಹೆಂಗಸರು ಎಷ್ಟು, ತಲೆಗೆ ನಿಮಿಷ ಎಷ್ಟು, ಆದ್ದರಿಂದ ಬಾಗಿಲು ಎಷ್ಟು. ಆ ಹಾಳೆ ಇಲ್ಲದ ನಕ್ಷೆಗೆ ಸಹಿ ಬೀಳಬಾರದು.

ಗುದ್ದಲಿಪೂಜೆಗೆ ಮುಹೂರ್ತ ಹುಡುಕುವಾಗ ಗಳಿಗೆ, ವಿಘಳಿಗೆ ಎಣಿಸುವ ನಮ್ಮ ಮುಖಂಡರಿಗೆ ನಿಮಿಷದ ಬೆಲೆ ಗೊತ್ತಿಲ್ಲದೇ ಇಲ್ಲ. ಸಾಲಿನಲ್ಲಿ ನಿಂತವರ ನಿಮಿಷವನ್ನೂ ಒಂದು ಸಲ ಎಣಿಸಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಪ್ರಶ್ನೆ ಕೇಳುವ ಸದಸ್ಯರು ಯಾರು ಎಂದು ಜನ ಕಾಯುತ್ತಿದ್ದಾರೆ.