ಬರ ತಾಳುವ ಜೋಳವೂ ನಮ್ಮ ರೊಟ್ಟಿಯೂ

ಅಬಿಡ್ಸಿನಲ್ಲಿ ದುಡಿಯುತ್ತಿದ್ದರೂ ಬೀದರ, ಕಲಬುರಗಿಗಳಲ್ಲಿ ನಾಲ್ಕಾರು ಎಕರೆ ಹೊಲವುಳ್ಳ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದಾರೆ. ಊರಿಗೆ ಹೊರಟ ಬಸ್ಸು ಪಟಾನ್‌ಚೆರುವನ್ನು ದಾಟುವಾಗ ಅವರು ಒಮ್ಮೆ ಕಿಟಕಿಯಿಂದಾಚೆ ನೋಡುವುದು ಒಳಿತು. ಒಣ ಬೇಸಾಯದ ಬೆಳೆಗಳಿಗಾಗಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ ಇಕ್ರಿಸ್ಯಾಟ್ ಇರುವುದು ಅಲ್ಲಿಯೇ. ಉತ್ತರ ಕರ್ನಾಟಕದ ಹಿರಿಯರು ಮರೆಯದ ಭೀಕರ ಬರವೂ ಅದೇ ವರ್ಷದ್ದು.

ಹಿಂಗಾರಿ ಜೋಳಕ್ಕೆ ಮಳೆಯ ಆಸರೆ ಅಲ್ಪ. ಎರೆಮಣ್ಣಿನಲ್ಲಿ ಉಳಿದ ತೇವವೇ ಅದರ ಬಂಡವಾಳ. ಕಾಳು ತುಂಬುವ ಮೊದಲೇ ಅದು ತೀರಿದರೆ ಎಲೆ ಒಣಗಿ, ದಂಟು ನೆಲಕ್ಕೊರಗುತ್ತದೆ. ಇಥಿಯೋಪಿಯ ಮೂಲದ ಕೆಲವು ಜೋಳಗಳು ಮಾತ್ರ ಹೂಬಿಟ್ಟ ಬಳಿಕ ನೀರು ಸಾಲದಿದ್ದರೂ ಹಸುರಾಗಿಯೇ ನಿಲ್ಲುತ್ತವೆ. ಮೊದಲಲ್ಲಿ ಎಲೆಗಳ ಹರಹನ್ನು ಮಿತಗೊಳಿಸಿ, ಕಾಳಿಗಾಗಿ ನೀರನ್ನು ಉಳಿಸಿಕೊಳ್ಳುವುದೇ ಇದರ ಮರ್ಮ. ಪಟಾನ್‌ಚೆರುವಿನ ವಿಜ್ಞಾನಿಗಳು ಮಣ್ಣು ತುಂಬಿದ ಉದ್ದನೆಯ ಕೊಳವೆಗಳಲ್ಲಿ ಗಿಡ ಬೆಳೆಸಿ, ಮತ್ತೆ ಮತ್ತೆ ತೂಗಿ, ಯಾವ ಗಿಡವು ಯಾವಾಗ ಎಷ್ಟು ನೀರು ಕುಡಿಯಿತೆಂಬ ಲೆಕ್ಕವಿಟ್ಟಿದ್ದಾರೆ. ಈ ಗುಣವನ್ನು ಭಾರತದ ತಳಿಗಳಲ್ಲಿ ಕೂಡಿಸಿ ಪರೀಕ್ಷಿಸಿದ್ದಾರೆ. ಈ ಪರಿಶ್ರಮವು ಸ್ತುತ್ಯವೆಂಬುದು ನಿರ್ವಿವಾದ.

ಆದರೆ ಒಂದು ಮಾತು. ಸೊಲ್ಲಾಪುರ ಸೀಮೆಯಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಮಾಲದಂಡಿ ಜೋಳವನ್ನು, ಅಂದರೆ ಎಂ 35-1 ತಳಿಯನ್ನು, ನಮ್ಮ ರೈತರು ಇಂದಿಗೂ ಬಿಟ್ಟಿಲ್ಲ. ಇದನ್ನು ಹಳಬರ ಹಠವೆಂದು ಹೀಗಳೆಯುವುದು ಸಲ್ಲದು. ಅದರ ರೊಟ್ಟಿ ಮೃದು, ಕಾಳು ಬಿಳುಪು, ಕಣಿಕೆ ಹೇರಳ. ಎತ್ತು ಕಟ್ಟಿದವನಿಗೆ ಕಣಿಕೆಯೂ ಒಂದು ಬೆಳೆಯೇ. ಬರ ತಾಳಿದರೂ ರೊಟ್ಟಿಗೆ ಬಾರದ ಜೋಳವನ್ನು ಅವನು ಎರಡನೆಯ ವರ್ಷ ಬಿತ್ತಲಾರ.

ಆದುದರಿಂದ ಹೊಸ ತಳಿಯ ಯೋಗ್ಯತೆಯನ್ನು ನಿರ್ಣಯಿಸುವಾಗ ಉತ್ತುವವನ ಮಾತಿಗೂ ರೊಟ್ಟಿ ಬಡಿಯುವ ತಾಯಿಯ ಮಾತಿಗೂ ವಿಜ್ಞಾನಿಯ ತಕ್ಕಡಿಯಷ್ಟೇ ಬೆಲೆಯಿರಬೇಕು. ತಳಿ ಸಿದ್ಧವಾದರೆ ಸಾಲದು. ಬಿತ್ತನೆಗೆ ಮುಂಚಿತವಾಗಿ ಬೀಜವು ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸೇರಬೇಕು, ಅದರ ಗುಣದೋಷಗಳೆರಡೂ ಸರಳ ಕನ್ನಡದಲ್ಲಿ ರೈತನಿಗೆ ತಿಳಿಯಬೇಕು.

ಇದರಲ್ಲಿ ನಮ್ಮ ಪಾಲೂ ಉಂಟು. ಬರದ ದೆಸೆಯಿಂದಲೇ ಊರು ಬಿಟ್ಟು ಬಂದ ಮನೆತನಗಳು ನಮ್ಮಲ್ಲಿ ಕಡಮೆಯಿಲ್ಲ. ಸಂಶೋಧನೆಯ ಬಾಗಿಲ ಬಳಿಯಲ್ಲೇ ನೆಲಸಿರುವ ನಾವು ವಿಚಾರಿಸಿ ತಿಳಿದು, ಊರಿನ ಅಣ್ಣತಮ್ಮಂದಿರಿಗೆ ತಿಳಿಸೋಣ. ಅವರು ಈ ಹಿಂಗಾರಿಯಲ್ಲಿ ಮಾಲದಂಡಿಯ ಮಗ್ಗುಲಲ್ಲೇ ನಾಲ್ಕು ಸಾಲು ಹೊಸ ಜೋಳವನ್ನು ಬಿತ್ತಿ, ರಾಶಿಯ ದಿನ ತೂಗಿ, ರೊಟ್ಟಿ ಮಾಡಿ ನೋಡಲಿ. ಆಮೇಲೆ ತೀರ್ಪು ಅವರದು.